ಕಾರ್ವಿ ಗೋಡೆಯ ಸಂದು

ಮನೆಗೆ ಹಾವು ಹೊಕ್ಕ ಚರಿತ್ರೆಯನ್ನು ನಾವು ಯಾವಾಗಲೂ ಹಾವಿನ ಕಡೆಯಿಂದಲೇ ಹೇಳಿಕೊಂಡು ಬಂದಿದ್ದೇವೆ: ಕೊಂದೆವು, ಪೂಜಿಸಿದೆವು, ಹಿಡಿದು ಕಾಡಿಗೆ ಬಿಟ್ಟೆವು. ಮುಂಬಯಿ ಬಳಿಯ ಕಲ್ಯಾಣದ ಸುತ್ತಲಿನ ಹಳ್ಳಿಗಳನ್ನು ಕಂಡವರು ಅದನ್ನು ಮನೆಯ ಕಡೆಯಿಂದ ಹೇಳಬೇಕು. ಮುರಬಾಡ, ಶಹಾಪುರಗಳತ್ತ ಠಾಕೂರ್, ಕಾತಕರಿ, ವಾರ್ಲಿ ಬುಡಕಟ್ಟಿನ ಜನ ಕಾರ್ವಿ ಗಿಡದ ಕಡ್ಡಿಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಕಟ್ಟಿ, ಮೇಲೆ ಮಣ್ಣು ಸಗಣಿ ಮೆತ್ತಿ ಗೋಡೆ ಮಾಡುತ್ತಿದ್ದರು. ಹೊಸದಾಗಿ ಮೆತ್ತಿದ ಗೋಡೆ ಒಳ್ಳೆಯದೇ. ಎರಡು ಮಳೆಗಾಲ ಕಳೆದರೆ ಬುಡದ ಮಣ್ಣು ಉದುರಿ ಕಡ್ಡಿ ಕಾಣುತ್ತದೆ. ಕಡ್ಡಿಗೂ ಕಡ್ಡಿಗೂ ನಡುವೆ ಬೆರಳು ತೂರುವಷ್ಟು ಸಂದು. ಒಳಗೆ ಭತ್ತದ ಕಣಜ, ಅದಕ್ಕೆ ಇಲಿ, ಇಲಿಯ ಹಿಂದೆ ಹಾವು. ಅಲ್ಲೇ ನೆಲದ ಮೇಲೆ ಚಾಪೆ, ಮಲಗಿದ ಮಕ್ಕಳು.

ಬ್ರಿಟಿಷ್ ಸರಕಾರ ಈ ಸಂದನ್ನು ನೋಡಲಿಲ್ಲ, ಹಾವನ್ನಷ್ಟೇ ನೋಡಿತು. ಬಂಗಾಳದಲ್ಲಿದ್ದ ವೈದ್ಯ ಜೋಸೆಫ್ ಫೇರರ್ 1869ರ ಲೆಕ್ಕ ಕೂಡಿಸಿದಾಗ ಒಂದೇ ವರ್ಷದಲ್ಲಿ ಹಾವು ಕಚ್ಚಿ ಸತ್ತವರು 11,000 ದಾಟಿದ್ದರು. ಸತ್ತ ಹಾವು ತಂದವರಿಗೆ ಇನಾಮು ಕೊಡುವುದು ಆ ಕಾಲದ ಮದ್ದು. ಕೊಂಕಣದ ರತ್ನಾಗಿರಿಯಲ್ಲಿ ಫುರಸೆ ಎಂಬ ವಿಷದ ಹಾವಿಗೆ ಬೆಲೆ ಕಟ್ಟಿದಾಗ ರಾಶಿರಾಶಿ ಹಾವು ಕಚೇರಿಗೆ ಬಂದವು. ಫುರಸೆ ಮಾತ್ರ ಇಂದಿಗೂ ಅಲ್ಲೇ ಇದೆ. ಇನಾಮಿನ ಆಸೆಗೆ ಬಯಲಲ್ಲಿ, ಗದ್ದೆಯ ಬದುವಿನಲ್ಲಿ ಹಾವು ಹೊಡೆದರೆ ಮನೆಯ ಗೋಡೆ ಗಟ್ಟಿಯಾಗುವುದಿಲ್ಲ. ಇಲಿ ತಿನ್ನುವ ಕೇರೆಹಾವನ್ನೂ ಹೊಡೆದು ಹಾಕಿದರೆ ಕಣಜದ ಇಲಿ ಇನ್ನೂ ಹೆಚ್ಚುತ್ತದೆ.

ಪೂಜೆ ಹಾವನ್ನು ಉಳಿಸಿತು, ಮನುಷ್ಯನನ್ನೂ ಉಳಿಸಿತಲ್ಲವೇ ಎಂದು ಕೇಳುವವರಿದ್ದಾರೆ. ಕಲ್ಯಾಣದ ಪಕ್ಕದ ಡೊಂಬಿವಲಿಯ ನಮ್ಮ ಕರಾವಳಿ ಕನ್ನಡಿಗರು ಊರಿನ ನಾಗಬನವನ್ನು ಮರೆತಿಲ್ಲ; ಹಾವಿಗೂ ಒಂದಿಷ್ಟು ನೆಲ ಬಿಡಬೇಕೆಂಬ ಆ ತಿಳಿವಳಿಕೆ ದೊಡ್ಡದು, ಅದನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ ಪಂಚಮಿಯ ದಿನ ಹಾಲೆರೆಯುವುದು ಹೆಡೆಯೆತ್ತುವ ನಾಗರಕ್ಕೆ. ನಿದ್ದೆಯಲ್ಲಿ ಕೊಲ್ಲುವ ಕಟ್ಟುಹಾವಿಗೆ ಹೆಡೆಯೂ ಇಲ್ಲ, ಗುಡಿಯೂ ಇಲ್ಲ. ಮರಾಠಿಯಲ್ಲಿ ಮಣ್ಯಾರ್ ಎನ್ನುವ ಈ ಹಾವು ನುಣ್ಣಗೆ ಕಪ್ಪು, ಮೈಮೇಲೆ ನೂಲಿನಂಥ ಬಿಳಿ ಪಟ್ಟೆ. ರಾತ್ರಿ ಹಲ್ಲಿ, ಇಲಿ, ಬೇರೆ ಹಾವುಗಳನ್ನು ಹುಡುಕುತ್ತ ಒಳಗೆ ಬರುತ್ತದೆ. ಮಲಗಿದವರು ಮಗ್ಗುಲಾದಾಗ ಕಚ್ಚುತ್ತದೆ. ಹಲ್ಲು ಬಲು ಸಣ್ಣದು. ಎಷ್ಟೋ ಸಲ ನೋವಿಲ್ಲ, ಬಾವಿಲ್ಲ, ಗುರುತೂ ಸಿಗುವುದಿಲ್ಲ. ನಸುಕಿನಲ್ಲಿ ಹೊಟ್ಟೆನೋವು ಎನ್ನುತ್ತಾರೆ, ಆಮೇಲೆ ರೆಪ್ಪೆ ಇಳಿಯುತ್ತದೆ, ಮಾತು ತೊದಲುತ್ತದೆ, ಉಸಿರು ನಿಲ್ಲುತ್ತದೆ. ಹಾವನ್ನು ಕಂಡವರೇ ಇಲ್ಲದ ಮೇಲೆ ಪೂಜಿಸುವುದೆಲ್ಲಿ, ಹೊಡೆಯುವುದೆಲ್ಲಿ?

ಔಷಧಿ ಬಂದ ಮೇಲೆ ಎಲ್ಲ ಬದಲಾಯಿತು ಎಂಬುದು ಇನ್ನೂ ಬಲವಾದ ಮಾತು. ಮುಂಬಯಿಯ ಪರೇಲಿನಲ್ಲಿ 1899ರಲ್ಲಿ ಪ್ಲೇಗ್ ಸಂಶೋಧನೆಗೆಂದು ನೆಲೆಯೂರಿ, 1925ರಲ್ಲಿ ಹಾಫ್ಕಿನ್ ಹೆಸರು ಪಡೆದ ಸಂಸ್ಥೆ ಮುಂದೆ ಹಾವಿನ ವಿಷಕ್ಕೆ ಮದ್ದು ತಯಾರಿಸಿ ದೇಶಕ್ಕೆಲ್ಲ ಕೊಟ್ಟಿತು. ಕಲ್ಯಾಣಕ್ಕೆ 1854ರಲ್ಲೇ ರೈಲು ಬಂದಿತ್ತು. ಪರೇಲಿಗೂ ಕಲ್ಯಾಣಕ್ಕೂ 50 ಕಿಲೋಮೀಟರಿನ ಅಂತರವೂ ಇಲ್ಲ. ಮದ್ದಿನ ಋಣ ತೀರದ್ದು, ನಿಜ. ಆದರೂ 2000ದಿಂದ 2019ರವರೆಗೆ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತರೆಂದು ಸಂಶೋಧಕರು ಅಂದಾಜಿಸಿದ್ದಾರೆ; ಬಹುಪಾಲು ಹಳ್ಳಿಯವರು, ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಕಚ್ಚಿದ್ದೇ ಗೊತ್ತಾಗದವರು ಆಸ್ಪತ್ರೆಗೆ ಹೊರಡುವಾಗಲೇ ತಡವಾಗಿರುತ್ತದೆ. ಮದ್ದು ಕಾಯುವುದು ಕಚ್ಚಿದ ಮೇಲೆ. ಕಚ್ಚದಂತೆ ಕಾಯಬೇಕಾದದ್ದು ಮನೆ.

ಊರು ಬೆಳೆದರೆ ಹಾವು ತಾನೇ ದೂರವಾಗುತ್ತದೆ ಎಂಬ ಮಾತನ್ನು ಕಲ್ಯಾಣವೇ ಸುಳ್ಳು ಮಾಡಿದೆ. ಊರು ಕಟ್ಟುವ ಸರಕಾರಿ ಸಂಸ್ಥೆ ಸಿಡ್ಕೋ 1970ರಲ್ಲಿ ಹುಟ್ಟಿ ನವಿ ಮುಂಬಯಿ ಕಟ್ಟಿತು, ಡೊಂಬಿವಲಿ ಗದ್ದೆಗಳಿಗೆ ಹಬ್ಬಿತು. ಕಟ್ಟಡದ ಕಸ ಬಿದ್ದಲ್ಲಿ ಇಲಿ ಇದೆ, ಇಲಿ ಇದ್ದಲ್ಲಿ ಹಾವಿದೆ. ಹಾವುಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಸಿಕ್ಕ ಮೇಲೆ, ಫೋನ್ ಮಾಡಿದರೆ ಬರುವ ಸರ್ಪಮಿತ್ರರ ಪೀಳಿಗೆಯೊಂದು ಬೆಳೆಯಿತು. ಅವರ ಧೈರ್ಯಕ್ಕೆ ಕೈಮುಗಿಯಬೇಕು. ಆದರೆ ಅವರು ಒಯ್ಯುವುದು ಕಣ್ಣಿಗೆ ಬಿದ್ದ ಹಾವನ್ನು. ಸಂದು ಹಾಗೇ ಉಳಿಯುತ್ತದೆ. ಇಟ್ಟಿಗೆ ಭಟ್ಟಿಗಳಿಗೆ ವಲಸೆ ಬರುವ ಕಾತಕರಿ ಕುಟುಂಬಗಳಿಗಂತೂ ಗೋಡೆಯೇ ಇಲ್ಲ. ಪೇರಿಸಿದ ಇಟ್ಟಿಗೆಯ ಪಕ್ಕ, ಹುಲ್ಲಿನ ಗುಡಿಸಲಲ್ಲಿ, ಬರಿ ನೆಲದ ಮೇಲೆ ಮಲಗುತ್ತಾರೆ.

ದೇಶದಲ್ಲಿ ಹಾವು ಕಡಿತದ ಸಾವನ್ನು 2030ರೊಳಗೆ ಅರ್ಧಕ್ಕಿಳಿಸುವ ಯೋಜನೆಯನ್ನು ಕೇಂದ್ರ ಸರಕಾರ 2024ರಲ್ಲಿ ಘೋಷಿಸಿದೆ. ಆ ಯೋಜನೆಯ ಹಣದಲ್ಲಿ ಒಂದು ಪಾಲು ಮಂಚಕ್ಕೂ ಸೊಳ್ಳೆಪರದೆಗೂ ಹೋಗಲಿ. ಅಂಚನ್ನು ಹಾಸಿಗೆಯಡಿ ಸುತ್ತಲೂ ಒತ್ತಿ ಕಟ್ಟಿದ ಪರದೆಯೊಳಗೆ ಕಟ್ಟುಹಾವು ಬರಲಾರದು.