ಅಪ್‌ಪಾರ್ಕ್ ಮಹಲಿನ ನೆಲಮಾಳಿಗೆಯಲ್ಲಿ ಒಂದು ಬಾಲ್ಯ

ಇಂಗ್ಲೆಂಡಿನ ದಕ್ಷಿಣದಲ್ಲಿ, ಸಸೆಕ್ಸ್ ಪ್ರಾಂತದ ಸುಣ್ಣಗಲ್ಲಿನ ಗುಡ್ಡಗಳ ನೆತ್ತಿಯ ಮೇಲೆ ಅಪ್‌ಪಾರ್ಕ್ ಎಂಬ ಕೆಂಪು ಇಟ್ಟಿಗೆಯ ಮಹಲೊಂದು ನಿಂತಿದೆ. ಸುಮಾರು 1690ರಲ್ಲಿ ಕಟ್ಟಿದ ಈ ಮಹಲನ್ನೂ ಅದರ ಸುತ್ತಣ ಜಮೀನನ್ನೂ 1747ರಲ್ಲಿ ಸರ್ ಮ್ಯಾಥ್ಯೂ ಫೆದರ್‌ಸ್ಟನ್‌ಹಾ ಕೊಂಡನು. ಅವನ ಮಗ ಸರ್ ಹ್ಯಾರಿ ಯೌವನವನ್ನೆಲ್ಲ ವಿಲಾಸದಲ್ಲಿ ಕಳೆದು, 1825ರಲ್ಲಿ, ಎಪ್ಪತ್ತು ದಾಟಿದ ಮೇಲೆ, ತನ್ನದೇ ಹೈನುಮನೆಯಲ್ಲಿ ಕೆಲಸಕ್ಕಿದ್ದ ಮೇರಿ ಆ್ಯನ್ ಬುಲಕ್ ಎಂಬ ತರುಣಿಯನ್ನು ಮದುವೆಯಾದನು. ನೆರೆಹೊರೆಯ ಶ್ರೀಮಂತರು ಎಷ್ಟೇ ಹುಬ್ಬೇರಿಸಿದರೂ ಆಸ್ತಿ ಅವಳಿಗೂ, 1874ರಲ್ಲಿ ಅವಳು ತೀರಿಕೊಂಡ ಬಳಿಕ ಅವಳ ತಂಗಿ ಫ್ರಾನ್ಸಿಸ್‌ಗೂ ಬಂದಿತು. ಗಂಡ ಬಿಟ್ಟುಹೋದಂತೆಯೇ ಮಹಲನ್ನು ಉಳಿಸಿಕೊಳ್ಳುವುದೇ ಆ ಇಬ್ಬರು ಹೆಂಗಸರ ವ್ರತವಾಯಿತು. ಅರಮನೆಯಂಥ ಮನೆಗೆ ಕೆಳಗಿನಿಂದ ಬಂದವರೇ ಅದರ ಹಳೆಯತನದ ಅತ್ಯಂತ ನಿಷ್ಠ ಕಾವಲುಗಾರರಾದದ್ದು ವಿಚಿತ್ರವೇನಲ್ಲ.

ಈ ಫ್ರಾನ್ಸಿಸ್‌ಳ ಸೇವೆಗೆ 1850ರಲ್ಲಿ ಸೇರಿದವಳು ಸಾರಾ ನೀಲ್. ಮರುವರ್ಷ ತೋಟದ ಕೆಲಸಕ್ಕೆ ಬಂದ ಜೋಸೆಫ್ ವೆಲ್ಸ್‌ನನ್ನು ಅವಳು ವರಿಸಿದಳು. ದಂಪತಿಗಳು ಬ್ರಾಮ್ಲಿಯಲ್ಲಿ ಪಿಂಗಾಣಿಯ ಅಂಗಡಿಯಿಟ್ಟರು, ವ್ಯಾಪಾರ ಏಳಲಿಲ್ಲ. 1866ರಲ್ಲಿ ಅವರಿಗೆ ಹುಟ್ಟಿದ ಕಿರಿಯ ಮಗನೇ ಮುಂದೆ ಲೋಕಪ್ರಸಿದ್ಧನಾದ ಲೇಖಕ ಎಚ್. ಜಿ. ವೆಲ್ಸ್. 1877ರಲ್ಲಿ ತಂದೆಯ ಕಾಲು ಮುರಿದು ಸಂಸಾರ ಇನ್ನಷ್ಟು ಕುಸಿದಾಗ, 1880ರಲ್ಲಿ, ಹಳೆಯ ಒಡತಿಯಿಂದ ಸಾರಾಳಿಗೆ ಕರೆ ಬಂದಿತು. ಈ ಸಲ ಇಡೀ ಮನೆವಾರ್ತೆಯ ಮೇಲ್ವಿಚಾರಕಳಾಗಿ. ಗಂಡನನ್ನು ಅಂಗಡಿಯಲ್ಲಿ ಬಿಟ್ಟು ಆಕೆ ಅಪ್‌ಪಾರ್ಕಿನ ನೆಲಮಾಳಿಗೆಗೆ ಹೋದಳು. ಹದಿಮೂರು ದಾಟಿದ ಹುಡುಗನಿಗೆ ತಾಯಿಯ ಕೋಣೆಯೇ ಮನೆಯಾಯಿತು.

ಆ ಮನೆಯ ರಚನೆಯೇ ಒಂದು ಪಾಠದಂತಿತ್ತು. ಅಡುಗೆಮನೆಯೂ ಲಾಯವೂ ಮಹಲಿನಿಂದ ದೂರ ಪ್ರತ್ಯೇಕ ಕಟ್ಟಡಗಳಲ್ಲಿದ್ದವು. ಅವುಗಳಿಂದ ಮಹಲಿಗೆ ನೆಲದಡಿಯ ಸುರಂಗಗಳಿದ್ದವು. ಊಟದ ತಟ್ಟೆಗಳು ಆ ಸುರಂಗಗಳಲ್ಲಿ ಬರುತ್ತಿದ್ದವು, ಆಳುಗಳು ಅದರಲ್ಲೇ ಓಡಾಡುತ್ತಿದ್ದರು. ಮೇಲಿನ ಹುಲ್ಲುಹಾಸಿನ ನೋಟಕ್ಕೆ ದುಡಿಮೆಯ ಸುಳಿವೇ ಬೀಳದು. 1895ರಲ್ಲಿ ಪ್ರಕಟವಾದ ‘ದಿ ಟೈಮ್ ಮೆಷಿನ್’ ಕಾದಂಬರಿಯಲ್ಲಿ ಬೆಳಕಿನ ಸುಕುಮಾರರಿಗಾಗಿ ಪಾತಾಳದಲ್ಲಿ ಯಂತ್ರ ನಡೆಸುವ ಮಾರ್ಲಾಕ್ ಜನಾಂಗವನ್ನು ಓದುವವರು ಈ ಸುರಂಗಗಳನ್ನು ನೆನೆಯುವುದು ಸಹಜ.

ಆದರೆ ಹುಡುಗನ ನೆನಪು ಬರಿಯ ಕಹಿಯದಲ್ಲ. ಹಿಮ ಬಿದ್ದು ದಾರಿ ಕಟ್ಟಿದ ಒಂದು ಚಳಿಗಾಲದಲ್ಲಿ ಅವನು ‘ಅಪ್‌ಪಾರ್ಕ್ ಅಲಾರ್ಮಿಸ್ಟ್’ ಎಂಬ ಕೈಬರಹದ ಪತ್ರಿಕೆ ಹೊರಡಿಸಿದನು; ಮನೆಗೆಲಸದ ಹೆಣ್ಣುಗಳಿಗೆ ಪುಟ್ಟ ರಂಗಮಂಟಪ ಕಟ್ಟಿ ನಾಟಕ ತೋರಿಸಿದನು. ಅಟ್ಟದಲ್ಲಿ ಬಿಡಿಬಿಡಿಯಾಗಿ ಬಿದ್ದಿದ್ದ ದೂರದರ್ಶಕವೊಂದನ್ನು ತಾನೇ ಜೋಡಿಸಿ, ನಡುರಾತ್ರಿ ಕಿಟಕಿಯಲ್ಲಿ ನಿಂತು ಚಂದ್ರನ ಕುಳಿಗಳನ್ನು ನೋಡುತ್ತಿದ್ದವನನ್ನು ತಾಯಿ ಕಂಡಳು. (1989ರ ಅಗ್ನಿ ಆಕಸ್ಮಿಕದಲ್ಲಿ ಮಹಲಿನ ಮೇಲಂತಸ್ತುಗಳು ಸುಟ್ಟವು, 1995ರಲ್ಲಿ ಜೀರ್ಣೋದ್ಧಾರವಾಗಿ ಮತ್ತೆ ತೆರೆದಿದೆ.) ಸರ್ ಹ್ಯಾರಿ ಮತಶ್ರದ್ಧೆಯ ಕಟ್ಟು ಇಲ್ಲದ ಓದುಗನಾಗಿದ್ದುದರಿಂದ ವಾಲ್ಟೇರ್, ಕತ್ತರಿ ತಾಗದ ‘ಗಲಿವರನ ಪ್ರವಾಸಗಳು’, ಪ್ಲೇಟೋನ ‘ರಿಪಬ್ಲಿಕ್’ ಇವೆಲ್ಲ ಅಲ್ಲಿದ್ದವು. ಮಹಲು ನಿಂತಿದ್ದ ವ್ಯವಸ್ಥೆಯನ್ನೇ ಪ್ರಶ್ನಿಸುವ ಗ್ರಂಥಗಳು ಆ ಮಹಲಿನ ಕಪಾಟಿನಿಂದಲೇ ಆಳಿನ ಮಗನ ಕೈಸೇರಿದವು.

ಈ ಋಣವನ್ನು ಅವನು ಮರೆಯಲಿಲ್ಲ. 1909ರ ‘ಟೋನೋ-ಬಂಗೇ’ ಕಾದಂಬರಿಯ ಬ್ಲೇಡ್ಸ್‌ಓವರ್ ಮಹಲು ಅಪ್‌ಪಾರ್ಕಿನ ಛಾಯೆಯೇ; ಅಲ್ಲಿ ಮಹಲು ಇಡೀ ಇಂಗ್ಲೆಂಡಿನ ಶ್ರೇಣೀಕರಣಕ್ಕೆ ಕೀಲಿಕೈಯಾಗುತ್ತದೆ. 1934ರ ಆತ್ಮಕಥೆಯಲ್ಲಾದರೋ ಧಾಟಿ ಬೇರೆ: ವಿರಾಮವೂ ಸ್ವಾತಂತ್ರ್ಯವೂ ಇದ್ದ ಇಂಥ ಮನೆಗಳಲ್ಲೇ ಆಧುನಿಕ ವಿಜ್ಞಾನ, ಸಾಹಿತ್ಯಗಳು ಮೊಳೆತವೆಂದು ಅವನು ಒಪ್ಪುತ್ತಾನೆ. ಎರಡರಲ್ಲಿ ಕಾದಂಬರಿಯ ಕೋಪವೇ ಹೆಚ್ಚು ಜೀವಂತ. ಆತ್ಮಕಥೆಯ ನ್ಯಾಯಬುದ್ಧಿ ಹೆಚ್ಚು ದೂರ ನೋಡುತ್ತದೆ.

ಅವನ ಬದುಕು ತಿರುಗಿದ್ದೂ ಅಪ್‌ಪಾರ್ಕಿನ ದಾರಿಯಲ್ಲೇ. ಸೌತ್‌ಸೀಯ ಬಟ್ಟೆಯಂಗಡಿಯಲ್ಲಿ ಎರಡು ವರ್ಷ ದುಡಿದು ಬೇಸತ್ತ ಹುಡುಗ 1883ರ ಒಂದು ಭಾನುವಾರ ಹದಿನೇಳು ಮೈಲಿ ನಡೆದು ಬಂದು, ಇನ್ನು ಅಲ್ಲಿಗೆ ಹೋಗಲಾರೆನೆಂದು ತಾಯಿಗೆ ಹೇಳಿದನು. ದೇವರು ಇಟ್ಟ ಸ್ಥಾನದಲ್ಲಿ ಇರಬೇಕೆಂದು ನಂಬಿದ್ದ ಆಕೆಗೆ ಅದು ಆಘಾತ. ಆದರೂ ಕೊನೆಗೆ ಮಣಿದಳು.

ಮನೆವಾರ್ತೆಯ ಲೆಕ್ಕ, ಆಳುಗಳ ನಿರ್ವಹಣೆ ಎರಡರಲ್ಲೂ ಆಕೆ ತೀರ ಅಸಮರ್ಥಳೆಂದು ಮಗನೇ ಬರೆದಿದ್ದಾನೆ. ಕಿವಿ ಮಂದವಾಗಿ, ಎಪ್ಪತ್ತು ದಾಟಿದ್ದ ಆಕೆಯನ್ನು 1893ರಲ್ಲಿ ಕೆಲಸದಿಂದ ಬಿಡಿಸಲಾಯಿತು. ಹೈನುಮನೆಯಿಂದ ಮೇಲೇರಿ ಬಂದ ಮನೆತನದ ಒಡತಿ ಅಂದು ಮೇಲಿನ ಅಂತಸ್ತಿನಲ್ಲೇ ಇದ್ದಳು.