ಉಳ್ಳಾಲದ ತಂದೆ–ಮಗ: ವಾರಸುದಾರಿಕೆ ಎಷ್ಟು, ಓದು ಎಷ್ಟು?

1956ರ ನವೆಂಬರ್ 1ರವರೆಗೆ ಉಳ್ಳಾಲವೂ ಮಂಜೇಶ್ವರವೂ ಒಂದೇ ಜಿಲ್ಲೆಯಲ್ಲಿದ್ದವು. ಆಮೇಲೆ ತಲಪಾಡಿಯಲ್ಲಿ ರಾಜ್ಯದ ಗಡಿ ಬಂತು. ನಮ್ಮವರ ಮದುವೆ, ನೆಂಟಸ್ತಿಕೆಗಳು ಗಡಿ ದಾಟಿ ಮುಂದುವರಿದವು, ಆದರೆ ರಾಜಕೀಯ ಬೇರೆಯಾಯಿತು. ಕೇರಳದ ಕಡೆ ಮುಸ್ಲಿಂ ಲೀಗ್ ಬಲವಾದ ಪ್ರಾದೇಶಿಕ ಶಕ್ತಿಯಾಗಿ ಬೆಳೆಯಿತು. ಚೆರ್ಕಳಂ ಅಬ್ದುಲ್ಲಾ ಅವರು 1987ರಿಂದ 2006ರವರೆಗೆ ಮಂಜೇಶ್ವರದ ಶಾಸಕರಾಗಿದ್ದರು. ಇತ್ತ ಬ್ಯಾರಿಗಳಿಗೆ ಅಂಥ ಪಕ್ಷ ಬೆಳೆಯಲಿಲ್ಲ. ಉಳ್ಳಾಲದಲ್ಲಿ ಗೆಲ್ಲಬೇಕಾದರೆ ಬಂಟರು, ಬಿಲ್ಲವರು, ಮೊಗವೀರರು, ಕ್ರೈಸ್ತರು ಎಲ್ಲರ ಮನೆ ಬಾಗಿಲಿಗೂ ಹೋಗಬೇಕಿತ್ತು.

ಹಾಗೆ ಹೋಗಿ ಗೆದ್ದವರಲ್ಲಿ ಸ್ವಾತಂತ್ರ್ಯ ಹೋರಾಟಗಾರ, ಕನ್ನಡ ಕವಿ ಬಿ.ಎಂ. ಇದಿನಬ್ಬರು ಒಬ್ಬರು. ಇನ್ನೊಬ್ಬರು ಯು.ಟಿ. ಫರೀದ್. ಫರೀದರು 1972, 1978, 1999 ಮತ್ತು 2004ರಲ್ಲಿ ಕಾಂಗ್ರೆಸ್ಸಿನಿಂದ ಶಾಸಕರಾದರು. ಈ ವರ್ಷಗಳ ನಡುವಿನ ಅಂತರವನ್ನು ಗಮನಿಸಿ. ಎರಡನೆಯ ಗೆಲುವಿಗೂ ಮೂರನೆಯ ಗೆಲುವಿಗೂ ನಡುವೆ 21 ವರ್ಷ. 1994ರಲ್ಲಿ ಇಲ್ಲಿ ಗೆದ್ದವರು ಬಿಜೆಪಿಯ ಕೆ. ಜಯರಾಮ ಶೆಟ್ಟಿ. ಅಂದರೆ ಉಳ್ಳಾಲ ಯಾವ ಮನೆತನಕ್ಕೂ ಪಟ್ಟಾ ಆದ ಜಾಗವಲ್ಲ.

2007ರಲ್ಲಿ ಫರೀದರು ಶಾಸಕರಾಗಿದ್ದಾಗಲೇ ತೀರಿಕೊಂಡರು. ಉಪಚುನಾವಣೆಯಲ್ಲಿ ಅವರ ಮಗ, ಕಾನೂನು ಪದವೀಧರ ಯು.ಟಿ. ಖಾದರ್ ಗೆದ್ದರು. ಆ ಟಿಕೆಟಿಗೆ ತಂದೆಯ ಹೆಸರು ಕಾರಣ ಎಂದು ಹೇಳಲು ಸಂಕೋಚ ಬೇಕಿಲ್ಲ. ಆದರೆ ಕ್ಷೇತ್ರ ಪುನರ್ವಿಂಗಡಣೆಯಾಗಿ ಉಳ್ಳಾಲವು ಮಂಗಳೂರು ಕ್ಷೇತ್ರವಾದ ಮೇಲೆ 2008, 2013, 2018, 2023ರಲ್ಲೂ ಅವರೇ ಗೆದ್ದರು. 2018ರಲ್ಲಿ ದಕ್ಷಿಣ ಕನ್ನಡದ 8 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಉಳಿದದ್ದು ಇದೊಂದೇ. ತಂದೆಯ ಹೆಸರು ಮೊದಲ ಚುನಾವಣೆಗೆ ಸಾಕಾಗಬಹುದು, ಐದನೆಯದಕ್ಕೆ ಸಾಲದು.

2023ರ ಮೇ 24ರಂದು ಖಾದರ್ ವಿಧಾನಸಭೆಯ ಸ್ಪೀಕರ್ ಆಗಿ ಅವಿರೋಧವಾಗಿ ಆಯ್ಕೆಯಾದರು. ಕರ್ನಾಟಕದಲ್ಲಿ ಆ ಪೀಠಕ್ಕೇರಿದ ಮೊದಲ ಮುಸ್ಲಿಮರು ಅವರು. ಕಾನೂನು ಓದಿದವರಿಗೆ ಈ ಕುರ್ಚಿಯ ಭಾರ ಚೆನ್ನಾಗಿ ಗೊತ್ತಿರುತ್ತದೆ. ಪಕ್ಷಾಂತರ ಮಾಡಿದ ಶಾಸಕರ ಅನರ್ಹತೆಯನ್ನು ಸಂವಿಧಾನದ 10ನೇ ಅನುಸೂಚಿಯಂತೆ ತೀರ್ಮಾನಿಸುವವರು ಸ್ಪೀಕರ್. ಆ ತೀರ್ಮಾನವನ್ನು ಕೋರ್ಟು ಪರಿಶೀಲಿಸಬಹುದು. 2019ರಲ್ಲಿ ನಮ್ಮದೇ ವಿಧಾನಸಭೆಯ 17 ಶಾಸಕರ ಅನರ್ಹತೆಯನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು, ಆದರೆ ಅವರು ಮತ್ತೆ ಚುನಾವಣೆಗೆ ನಿಲ್ಲಬಾರದೆಂಬ ಭಾಗವನ್ನು ತೆಗೆದುಹಾಕಿತು. 2025ರ ಮಾರ್ಚಿನಲ್ಲಿ ಖಾದರ್ 18 ಬಿಜೆಪಿ ಶಾಸಕರನ್ನು ಆರು ತಿಂಗಳು ಅಮಾನತು ಮಾಡಿದಾಗಲೂ ದೊಡ್ಡ ವಿವಾದವಾಯಿತು. ಮೇ ತಿಂಗಳಲ್ಲಿ ಅದನ್ನು ಹಿಂಪಡೆಯಲಾಯಿತು. ತಂದೆಯಿಂದ ಪಕ್ಷ ಸಿಕ್ಕಿತು. ಆದರೆ ಈ ಪೀಠದಲ್ಲಿ ಕೂತವರು ಪಕ್ಷವನ್ನು ಬದಿಗಿಟ್ಟು ನಿಯಮ ನೋಡಬೇಕು. ಜನ ಅವರನ್ನು ಅಳೆಯುವುದೂ ಅದರಿಂದಲೇ.

ನಮ್ಮ ಹೆಚ್ಚಿನ ಮಕ್ಕಳಿಗೆ ಶಾಸಕ ತಂದೆಯಿಲ್ಲ. ಈ ಚರಿತ್ರೆಯಲ್ಲಿ ಅವರಿಗೆ ಸಿಗುವ ಪಾಲು ಕಾನೂನಿನ ಓದು. ಡಾಕ್ಟರು, ಇಂಜಿನಿಯರು, ಗಲ್ಫ್ ಎನ್ನುವ ಮನೆಗಳಲ್ಲಿ ಅದರ ಮಾತೂ ಒಮ್ಮೆ ಬರಲಿ. ಹುಡುಗರ ಜೊತೆ ಹುಡುಗಿಯರಿಗೂ.