ಮೇಲಣ ಬಸ್ರೂರು, ಕೆಳಗಣ ಬಸ್ರೂರು: ಡೆಲ್ಲಾ ವಲ್ಲೆಯ ಒಂದು ಸೂತ್ರದ ಮರುಪರೀಕ್ಷೆ

ರೋಮಿನ ಪ್ರವಾಸಿ ಪಿಯೆತ್ರೊ ಡೆಲ್ಲಾ ವಲ್ಲೆ 1623ರ ಕೊನೆಯಲ್ಲಿ ಇಕ್ಕೇರಿಯಿಂದ ಘಟ್ಟ ಇಳಿದು ಬಸ್ರೂರಿಗೆ ಬಂದ. ನೇಪಲ್ಸ್‌ನ ಗೆಳೆಯ ಮಾರಿಯೊ ಸ್ಕಿಪಾನೊಗೆ ಬರೆದ ಪತ್ರದಲ್ಲಿ ಅವನು ಈ ಊರನ್ನು ಎರಡಾಗಿ ಒಡೆದು ತೋರಿಸುತ್ತಾನೆ. ಒಳನಾಡಿನ ಕಡೆಗಿರುವುದು ಮೇಲಣ ಬಸ್ರೂರು, ಅದು ಕೆಳದಿಯ ವೆಂಕಟಪ್ಪ ನಾಯಕನ ಆಳ್ವಿಕೆಗೆ ಸೇರಿದ್ದು. ಕಡಲ ಕಡೆಗಿರುವುದು ಕೆಳಗಣ ಬಸ್ರೂರು, ಅದು ಪೋರ್ಚುಗೀಸರದು. ಇಷ್ಟಕ್ಕೇ ನಿಲ್ಲದೆ ಒಂದು ಸೂತ್ರವನ್ನೂ ಕಟ್ಟುತ್ತಾನೆ: ಪೋರ್ಚುಗೀಸರು ಕಾಲೂರಿದ ಕಡೆಯಲ್ಲೆಲ್ಲ ಒಂದೇ ಹೆಸರಿನ ಎರಡು ಊರುಗಳಿರುತ್ತವೆ, ಮೇಲಿನದು ನಾಡವರದು, ಕೆಳಗಿನದು ಪರಂಗಿಗಳದು. ಸೂತ್ರ ಅಚ್ಚುಕಟ್ಟಾಗಿದೆ, ಹೀಗಾಗಿ ಒಪ್ಪಿಬಿಡುವುದು ಸುಲಭ. ಕನ್ನಡ ಕರಾವಳಿಯ ಮಟ್ಟಿಗೆ ಅದು ನಿಲ್ಲುವುದಿಲ್ಲವೆಂಬುದು ಈ ಲೇಖನದ ಮೊದಲ ವಾದ. ಬಸ್ರೂರಿನಲ್ಲಿ ಅದು ನಿಲ್ಲುತ್ತದಾದರೂ ಡೆಲ್ಲಾ ವಲ್ಲೆ ಹೇಳುವ ಕಾರಣಕ್ಕಲ್ಲ ಎಂಬುದು ಎರಡನೆಯದು.

ಹಿಂದಿನ ಅಧ್ಯಯನಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಾಲೆತೊರೆಯವರ ತುಳುವ ಇತಿಹಾಸ (1936), ಕೆ.ವಿ. ರಮೇಶ್ ಅವರ ದಕ್ಷಿಣ ಕನ್ನಡ ಇತಿಹಾಸ (1970), ಪಿ. ಗುರುರಾಜ ಭಟ್ಟರ ತುಳುವ ಅಧ್ಯಯನಗಳು (1975) ಕರಾವಳಿಯ ರಾಜಕೀಯ ಚೌಕಟ್ಟನ್ನೂ ಶಾಸನಗಳನ್ನೂ ದೇಗುಲಗಳನ್ನೂ ನಮ್ಮ ಮುಂದಿಟ್ಟಿವೆ. ಬಿ.ಎಸ್. ಶಾಸ್ತ್ರಿಯವರು ಗೋವೆ–ಕೆನರಾ ಸಂಬಂಧಗಳನ್ನು ಪೋರ್ಚುಗೀಸ್ ದಾಖಲೆಗಳಿಂದ ಬಿಡಿಸಿದರು. ಸಂಜಯ್ ಸುಬ್ರಹ್ಮಣ್ಯಂ 1984ರಲ್ಲಿ ಪ್ರಕಟಿಸಿದ ಲೇಖನ ಬಸ್ರೂರಿನ ಅಕ್ಕಿ ವ್ಯಾಪಾರವನ್ನೇ ಕೇಂದ್ರಕ್ಕೆ ತಂದಿತು. ಹದಿನೇಳನೆಯ ಶತಮಾನದ ಮೊದಲರ್ಧದಲ್ಲಿ ಗೋವೆಯ ಹೊಟ್ಟೆ ತುಂಬಿದ್ದು ಬಹುಪಾಲು ಕನ್ನಡ ಕರಾವಳಿಯ ಅಕ್ಕಿಯಿಂದ ಎಂಬುದರ ಬಗ್ಗೆ ಈಗ ತಕರಾರಿಲ್ಲ. ಕೆಳಗಣ ಬಸ್ರೂರು ಇಂದಿನ ಕುಂದಾಪುರದ ಆಸುಪಾಸಿನಲ್ಲಿ, ಅಳಿವೆಯ ದಕ್ಷಿಣ ಮಗ್ಗುಲಿನಲ್ಲಿತ್ತು ಎಂಬ ಸಾಮಾನ್ಯ ಅಭಿಪ್ರಾಯವನ್ನೂ ಒಪ್ಪಿಕೊಂಡೇ ಮುಂದುವರಿಯುತ್ತೇನೆ.

ತಕರಾರು ಬೇರೆಡೆ ಇದೆ. ಪೋರ್ಚುಗೀಸ್ ನಗರಗಳ ಚರಿತ್ರೆಯಲ್ಲಿ ಮೇಲೂರು–ಕೆಳಊರು ಜೋಡಿ ಚಿರಪರಿಚಿತ. ಅದರ ಹೆಸರಾಂತ ಉದಾಹರಣೆ ಬ್ರೆಜಿಲ್‌ನ ಸಾಲ್ವಡೋರ್. 1549ರಲ್ಲಿ ತೊಮೆ ದ ಸೋಜಾ ಕಟ್ಟಿಸಿದ ಆ ನಗರ 1763ರವರೆಗೂ ಬ್ರೆಜಿಲ್‌ನ ರಾಜಧಾನಿಯಾಗಿತ್ತು. ಕೊಲ್ಲಿಗೆ ಎದುರಾಗಿ ಕಡಿದಾದ ದಿಣ್ಣೆ. ದಿಣ್ಣೆಯ ಮೇಲೆ ರಾಜ್ಯಪಾಲನ ನಿವಾಸ, ಪುರಸಭೆ, ದೊಡ್ಡ ಇಗರ್ಜಿಗಳು. ಕೆಳಗೆ ದಕ್ಕೆ, ಗೋದಾಮು, ಸಕ್ಕರೆ ವ್ಯಾಪಾರಿಗಳ ಅಂಗಡಿಗಳು. 1873ರಿಂದ ಅಲ್ಲಿನ ಲಸೆರ್ದಾ ಎಲಿವೇಟರ್ ಜನರನ್ನು ಕೆಳಗಿನಿಂದ ಮೇಲಕ್ಕೆ ಸಾಗಿಸುತ್ತಿದೆ. ಆ ಊರಿನ ಪ್ರವಾಸಿ ಕೈಪಿಡಿ ಯಾವುದನ್ನು ತೆರೆದರೂ ಮೊದಲು ಕಾಣುವುದು ಈ ವಿಭಜನೆಯೇ. ಡೆಲ್ಲಾ ವಲ್ಲೆ ಬಸ್ರೂರಿನಿಂದ ಹೊರಟು ಅರ್ಧ ವರ್ಷ ತುಂಬುವ ಮೊದಲೇ, 1624ರ ಮೇ ತಿಂಗಳಲ್ಲಿ, ಡಚ್ಚರು ಸಾಲ್ವಡೋರನ್ನು ವಶಪಡಿಸಿಕೊಂಡರು. ಮರುವರ್ಷ ಅದನ್ನು ಕಳೆದುಕೊಂಡರು. ಒಂದೇ ಸಾಮ್ರಾಜ್ಯ, ಒಂದೇ ದಶಕ, ಎರಡು ಕಡೆಯೂ ಮೇಲೂರು–ಕೆಳಊರು. ಇಷ್ಟಿದ್ದ ಮೇಲೆ ಬಸ್ರೂರನ್ನು ಅದೇ ಮಾದರಿಯ ಸಣ್ಣ ಪ್ರತಿಯೆಂದು ಕರೆಯುವ ಆಸೆ ಸಹಜವೇ.

ಆದರೆ ಸಾಲ್ವಡೋರಿನ ಎರಡು ಹಂತಗಳನ್ನೂ ಕಟ್ಟಿದವರು ಒಬ್ಬರೇ, ಆಳಿದವರೂ ಒಬ್ಬರೇ. ಅಲ್ಲಿ ಅಧಿಕಾರ ಮೇಲೆ, ವ್ಯಾಪಾರ ಕೆಳಗೆ. ಬಸ್ರೂರಿನಲ್ಲಿ ವ್ಯಾಪಾರ ಮೇಲಿತ್ತು, ತೋಪು ಕೆಳಗಿತ್ತು. ಎರಡಕ್ಕೂ ಒಡೆಯರು ಬೇರೆ ಬೇರೆ. ಮೇಲಕ್ಕೂ ಕೆಳಕ್ಕೂ ನಡುವೆ ಇದ್ದದ್ದು ಬಂಡೆಯ ಎತ್ತರವಲ್ಲ, ವಾರಾಹಿ ಹೊಳೆಯ ತಿರುವು. ಡೆಲ್ಲಾ ವಲ್ಲೆಯ ಪತ್ರವನ್ನು ಈ ಕಣ್ಣಿನಿಂದ ಓದಿದರೆ ಅವನ ವಿವರಗಳು ಅವನ ಸೂತ್ರಕ್ಕಿಂತ ಹೆಚ್ಚಿನದನ್ನು ಹೇಳುತ್ತವೆ.

ಮೊದಲು ಸೂತ್ರದ ವ್ಯಾಪ್ತಿ. ಅದು ಅವನಿಗೆ ಎಲ್ಲಿಂದ ಬಂತು? ಗೋವೆಗೆ ಬರುವ ದಾರಿಯಲ್ಲಿ ಅವನು ಚೌಲ್‌ನಲ್ಲಿ ತಂಗಿದ್ದ. ಅಲ್ಲಿ ಮೇಲಣ ಚೌಲ್ ನಿಜಾಮಶಾಹಿಯದು, ಕೆಳಗಣ ಚೌಲ್, ಅಂದರೆ ಈಗಿನ ರೇವದಂಡಾ, ಪೋರ್ಚುಗೀಸರದು. ಕೊಚ್ಚಿಯೂ ಹಾಗೆಯೇ: ಮಟ್ಟಾಂಚೇರಿಯ ಕಡೆ ಅರಸನ ಕೊಚ್ಚಿ, ಕಡಲ ಬಾಯಲ್ಲಿ ಕೋಟೆಯ ಕೊಚ್ಚಿ, ಎರಡಕ್ಕೂ ಪೋರ್ಚುಗೀಸ್ ದಾಖಲೆಗಳಲ್ಲಿ ಮೇಲು, ಕೆಳಗು ಎಂಬ ಗುರುತು. ಈ ಎರಡು ಬಂದರುಗಳಿಂದ ಸೂತ್ರ ಹುಟ್ಟಿದ್ದರೆ ಆಶ್ಚರ್ಯವಿಲ್ಲ. ಆದರೆ ಅವುಗಳ ನಡುವಿನ ನಮ್ಮ ಕರಾವಳಿಯನ್ನು ನೋಡಿ. ಹೊನ್ನಾವರದಲ್ಲಿ ಪೋರ್ಚುಗೀಸ್ ಕೋಟೆಯಿತ್ತು, ಆದರೆ ಅದಕ್ಕೆ ಜೋಡಿಯಾಗಿ ಮೇಲಣ ಹೊನ್ನಾವರ ಇರಲಿಲ್ಲ. ಹೊಳೆಯ ಮೇಲ್ಭಾಗದ ಶಕ್ತಿಕೇಂದ್ರ ಗೇರುಸೊಪ್ಪೆ, ಅದು ತನ್ನ ಹೆಸರಿನಿಂದಲೇ ಪ್ರಸಿದ್ಧವಾದ ಪಟ್ಟಣ. ಮಂಗಳೂರಿನಲ್ಲಿ 1568ರಲ್ಲಿ ಕೋಟೆ ಎದ್ದಿತು. ಸುತ್ತಲಿನ ಅಧಿಕಾರ ಬಂಗರಸರದು, ಉಳ್ಳಾಲದ ರಾಣಿಯರದು, ಆ ಊರುಗಳಿಗೂ ಬೇರೆ ಹೆಸರು. ಭಟ್ಕಳದಲ್ಲಿ ಪೋರ್ಚುಗೀಸರಿಗೆ ವ್ಯವಹಾರವಿತ್ತು, ಬಾಳಿಕೆಯ ಕೋಟೆ ಇರಲಿಲ್ಲ. ಬಾರಕೂರಿನಲ್ಲೂ ಕೋಟೆ ಇರಲಿಲ್ಲ. ಗಂಗೊಳ್ಳಿಯಿಂದ ಉಳ್ಳಾಲದವರೆಗೂ ಹೊನ್ನಾವರದ ಕಡೆಗೂ ಹುಡುಕಿದರೆ ಸೂತ್ರ ಹೊಂದುವುದು ಒಂದೇ ಊರಿಗೆ. ಒಂದೇ ಉದಾಹರಣೆಗೆ ಹೊಂದುವುದನ್ನು ನಿಯಮ ಎನ್ನಲಾಗದು. ಬಸ್ರೂರಿಗೆ ಅದು ಏಕೆ ಹೊಂದಿತು ಎಂಬುದಕ್ಕೆ ಸ್ಥಳೀಯ ಕಾರಣವನ್ನೇ ಹುಡುಕಬೇಕು.

ಡೆಲ್ಲಾ ವಲ್ಲೆ ಮೇಲಣ ಊರನ್ನು ಹೊಕ್ಕದ್ದು ಘಟ್ಟದ ಕಡೆಯಿಂದ. ಅವನಿಗೆ ಮೊದಲು ಕಂಡದ್ದು ಉದ್ದವಾದ, ಅಗಲವಾದ, ನೆಟ್ಟಗಿನ ಬೀದಿ, ಎರಡೂ ಬದಿಗೆ ತೆಂಗು ಮತ್ತು ತೋಟಗಳು. ಫಲವತ್ತಾದ ನೆಲ, ತುಂಬಿದ ಜನ. ಊರ ಸುತ್ತ ಗೋಡೆ ಮತ್ತು ಕಂದಕ. ಗೋಡೆ ದುರ್ಬಲ ಎನ್ನುತ್ತಾನೆ. ಕಂದಕಕ್ಕೆ ಅಡ್ಡವಾಗಿ ಒಂದೊಂದೇ, ಎರಡೆರಡೇ ಭಾರಿ ಕಲ್ಲುಗಳ ಸೇತುವೆಗಳು. ಅವು ಹಳೆಯ ಕಟ್ಟಡಗಳ ಅವಶೇಷವೇ ಎಂದು ಅವನೇ ಸಂದೇಹಪಡುತ್ತಾನೆ. ಕೆಳಗಣ ಊರಿನ ವರ್ಣನೆ ಬೇರೆ ರೀತಿಯದು: ನಕ್ಷತ್ರಾಕಾರದ ಬಲು ಚಿಕ್ಕ ಕೋಟೆ, ಬಯಲಲ್ಲಿ, ಕಂದಕವಿಲ್ಲದೆ, ಎಲ್ಲ ಬಗೆಯ ದಾಳಿಗೂ ತೆರೆದುಕೊಂಡಂತೆ. ಸಂಸಾರಸ್ಥ ಪೋರ್ಚುಗೀಸರ ಮನೆಗಳು ಕೋಟೆಯ ಹೊರಗೆ. ಹೆಂಡತಿ ಮಆನಿಯ ಶವವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ದೇಶದೇಶ ಸುತ್ತುತ್ತಿದ್ದ ಈ ವಿಚಿತ್ರ ಮನುಷ್ಯ ಕೋಟೆಗಳ ವಿಷಯದಲ್ಲಿ ಭಾವುಕನಲ್ಲ. ಪೋರ್ಚುಗೀಸರ ಅತಿಥಿಯಾಗಿದ್ದೂ ಅವರ ಕೋಟೆಯನ್ನು ಹೊಗಳಲಿಲ್ಲ.

ಇಲ್ಲಿಂದ ನನ್ನ ಮುಖ್ಯ ವಾದ ಆರಂಭ. ಕೆಳಗಣ ಬಸ್ರೂರು ಮೇಲಣ ಬಸ್ರೂರನ್ನು ನಿಯಂತ್ರಿಸುವ ಕೋಟೆಯಾಗಿರಲಿಲ್ಲ. ಮೇಲಣ ಊರಿನ ವರ್ತಕರು ಪರಂಗಿಗಳನ್ನು ಅಳಿವೆಯ ಬಾಯಲ್ಲೇ ತಡೆದು ನಿಲ್ಲಿಸಿದ್ದರ ಫಲ ಅದು. ಈ ಮಾತನ್ನು ಪೂರ್ತಿ ಸಾಬೀತುಪಡಿಸುವ ಒಂದೇ ದಾಖಲೆ ಇಲ್ಲ. ಹಲವು ಸುಳಿವುಗಳು ಒಂದೇ ದಿಕ್ಕಿಗೆ ತೋರುತ್ತವೆ, ಅಷ್ಟೆ.

1569ರಲ್ಲಿ ವೈಸರಾಯ್ ಲುಯಿಸ್ ದ ಅತಾಯಿದೆ ಹೊನ್ನಾವರವನ್ನೂ ಬಸ್ರೂರನ್ನೂ ಗೆದ್ದ. ಗೆದ್ದ ಮೇಲೂ ಕೋಟೆ ಸುರಕ್ಷಿತವಾಗಿರಲಿಲ್ಲ. ನೆರೆಯ ಅರಸರು ಅದನ್ನು ಕಿತ್ತುಕೊಳ್ಳಲು ಮುಂದಾದರು. ಆರು ದಶಕಗಳ ಬಳಿಕ, 1629ರ ಸುಮಾರಿಗೆ, ಪೋರ್ಚುಗೀಸರು ಅದೇ ಅಳಿವೆಯ ಉತ್ತರ ದಡದಲ್ಲಿ, ಗಂಗೊಳ್ಳಿಯ ಕಡೆ, ಕಂಬೊಲಿಮ್ ಎಂಬ ಇನ್ನೊಂದು ಕೋಟೆ ಕಟ್ಟಿಕೊಂಡರು. 1635ರಲ್ಲಿ ಆಂತೋನಿಯೊ ಬೊಕಾರೊ ಸಿದ್ಧಪಡಿಸಿದ ಕೋಟೆಗಳ ಗ್ರಂಥದಲ್ಲಿ, ಪೆದ್ರೊ ಬರೆತೊ ದ ರೆಸೆಂದೆಯ ನಕ್ಷೆಗಳೊಂದಿಗೆ, ಬಸ್ರೂರು, ಕಂಬೊಲಿಮ್ ಎರಡಕ್ಕೂ ಬೇರೆ ಬೇರೆ ಸ್ಥಾನವಿದೆ. ಸೌಪರ್ಣಿಕಾ, ವಾರಾಹಿ, ಕೇದಕ, ಚಕ್ರಾ, ಕುಬ್ಜಾ ಹೊಳೆಗಳು ಕೂಡಿ ಕಡಲು ಸೇರುವ ಆ ಪಂಚಗಂಗಾವಳಿಯ ಒಂದೇ ಬಾಯಿಗೆ ಎರಡು ಕೋಟೆ ಏಕೆ ಬೇಕಾದವು? ಮೊದಲ ಕೋಟೆ ತನ್ನ ಕೆಲಸ ಮಾಡುತ್ತಿದ್ದರೆ ಎರಡನೆಯದರ ಖರ್ಚು ಗೋವೆಯ ಬಡ ಖಜಾನೆಗೆ ಬೇಕಿರಲಿಲ್ಲ. ಕೆಳಗಿನ ಕೋಟೆ ಹೊಳೆಯ ಬಾಗಿಲನ್ನೂ ಪೂರ್ತಿ ಮುಚ್ಚಲಾರದೆ ಇತ್ತು, ಹೊಳೆಯ ಮೇಲಿನ ಪೇಟೆಯ ಮೇಲಂತೂ ಅದರ ಕೈ ಚಾಚುತ್ತಿರಲಿಲ್ಲ.

ಕಾಲದಲ್ಲಿ ಮುಂದೆ ಹೋದರೆ ಇನ್ನೂ ಬಲವಾದ ಸುಳಿವು ಸಿಗುತ್ತದೆ. 1652–54ರ ನಡುವೆ ಕೆಳದಿಯ ಶಿವಪ್ಪ ನಾಯಕ ಕರಾವಳಿಯ ಪೋರ್ಚುಗೀಸ್ ಕೋಟೆಗಳನ್ನು ಒಂದೊಂದಾಗಿ ವಶಪಡಿಸಿಕೊಂಡ. ಬಸ್ರೂರಿನ ಪೇಟೆ ಪೋರ್ಚುಗೀಸ್ ಕೋಟೆಯ ಆಸರೆಯಿಂದ ಬದುಕಿದ್ದಾಗಿದ್ದರೆ ಆಮೇಲೆ ಸೊರಗಬೇಕಿತ್ತು. ಆದರೆ 1665ರ ಫೆಬ್ರವರಿಯಲ್ಲಿ ಶಿವಾಜಿ ಹಡಗುಗಳೊಂದಿಗೆ ದಕ್ಷಿಣಕ್ಕೆ ಬಂದಾಗ ಆರಿಸಿಕೊಂಡ ಊರು ಬಸ್ರೂರೇ. ಅದನ್ನು ಸೂರೆ ಮಾಡಿ ಮರಳುವಾಗ ಗೋಕರ್ಣಕ್ಕೆ ಹೋದ, ಕಾರವಾರದ ವರ್ತಕರಿಂದಲೂ ಹಣ ಕೇಳಿದ. ಅಲ್ಲಿನ ಇಂಗ್ಲಿಷ್ ಕೋಠಿಯವರಿಗೂ ಇದರ ಬಿಸಿ ತಟ್ಟಿತ್ತು. ಕೋಟೆ ಹೋಗಿ ಹತ್ತು ವರ್ಷ ಕಳೆದ ಮೇಲೂ ನೌಕಾದಾಳಿಗೆ ಯೋಗ್ಯವಾಗುವಷ್ಟು ಸಿರಿ ಅಲ್ಲಿ ಉಳಿದಿತ್ತು. ಅದು ಅಕ್ಕಿಯ ಸಿರಿ, ಮೆಣಸಿನ ಸಿರಿ. ವರ್ತಕರ ಕೇರಿಗಳಲ್ಲಿ, ಘಟ್ಟದಿಂದ ಇಳಿಯುವ ಎತ್ತಿನ ಸಾಲುಗಳಲ್ಲಿ ಬೇರೂರಿದ್ದು. ಕರಾವಳಿಯ ಶಾಸನಗಳಲ್ಲಿ ಕಾಣುವ ನಖರ, ಹಂಜಮಾನಗಳೆಂಬ ವರ್ತಕ ಸಂಘಟನೆಗಳನ್ನೂ, ಬಸ್ರೂರಿನ ಚೆಟ್ಟಿಗಳು ಒಂದು ಸಮೂಹವಾಗಿ ವ್ಯವಹರಿಸುತ್ತಾರೆಂಬ ಪೋರ್ಚುಗೀಸರ ಗೊಣಗಾಟವನ್ನೂ ಜೊತೆಗಿಟ್ಟು ನೋಡಿದರೆ, ಮೇಲಣ ಊರಿಗೆ ಸ್ವಂತ ಸಂಕಲ್ಪವಿತ್ತೆಂಬುದು ಅಲ್ಲಗಳೆಯಲಾಗದ ಮಾತು.

ಆಕ್ಷೇಪಗಳಿವೆ, ಅವನ್ನು ನಾನೇ ಎತ್ತುವುದು ಲೇಸು. ಮೇಲಣ ಊರಿನ ಗೋಡೆ ಪೋರ್ಚುಗೀಸರ ವಿರುದ್ಧ ಎದ್ದದ್ದೆಂದು ನಾನು ಹೇಳುತ್ತಿಲ್ಲ. ಅದು ಅವರಿಗಿಂತ ಹಳೆಯದಿರಬಹುದು. ವಿಜಯನಗರದ ಕಾಲದ್ದೋ ಅದಕ್ಕೂ ಹಿಂದಿನದೋ ಆಗಿರಬಹುದು. ಶಿವಾಜಿಯ ದಾಳಿಯನ್ನು ಅದು ತಡೆಯಲಿಲ್ಲವೆಂಬುದೂ ನಿಜ, ದುರ್ಬಲ ಎಂಬ ಡೆಲ್ಲಾ ವಲ್ಲೆಯ ಮಾತು ಅಲ್ಲಿಗೆ ಸರಿಹೋಯಿತು. ವರ್ತಕರು ಪರಂಗಿಗಳನ್ನು ತಡೆದರು ಎಂದಾಗ ಯಾವುದೋ ಸಭೆ ಕೂಡಿ ನಿರ್ಣಯ ಮಾಡಿತೆಂಬ ಅರ್ಥವೂ ಅಲ್ಲ. ಕೆಳದಿಯ ನಾಯಕರ ಬಲವಿಲ್ಲದೆ ಆ ತಡೆ ನಿಲ್ಲುತ್ತಿರಲಿಲ್ಲ. ವೆಂಕಟಪ್ಪ ನಾಯಕನಿಗೆ ಮೆಣಸು ಬೇಕಿತ್ತು, ಅಕ್ಕಿಯ ಸುಂಕವೂ ಬೇಕಿತ್ತು, ಪೋರ್ಚುಗೀಸರಿಗೆ ಇವೆರಡೂ ಸರಕು ಬೇಕಿದ್ದವು. ವರ್ತಕರೂ ಸೇರಿ ಈ ಮೂವರ ನಡುವಿನ ಎಳೆದಾಟವೇ ಆ ಗೆರೆಯನ್ನು ಎಳೆದಿರಬಹುದು. ಹಾಗಿದ್ದರೂ ನನ್ನ ಮಾತಿನ ತಿರುಳು ಉಳಿಯುತ್ತದೆ: ಗೆರೆಯನ್ನು ಎಳೆದವರು ಲಿಸ್ಬನ್ನಿನ ನಗರ ಯೋಜಕರಲ್ಲ.

ಇನ್ನೊಂದು ಸಾಕ್ಷ್ಯ ತುಸು ದೂರದ್ದು. ಹದಿನಾಲ್ಕನೆಯ ಶತಮಾನದ ನಲವತ್ತರ ದಶಕದಲ್ಲಿ ಇಬ್ನ್ ಬತೂತಾ ಕಂಡ ಅಬು ಸರೂರ್ ಬಸ್ರೂರೆಂದು ಹಲವರು ಗುರುತಿಸುತ್ತಾರೆ. ದೊಡ್ಡ ಅಳಿವೆಯ ಮೇಲೆ ಸಣ್ಣ ಊರು, ತೆಂಗಿನ ಮರಗಳು ಹೇರಳ ಎಂದು ಅವನ ವಿವರ. ಎರಡು ಊರುಗಳ ಮಾತಿಲ್ಲ. ಎರಡನೆಯ ಊರು ಆಮೇಲಿನದು ಎಂಬ ಊಹೆಗೆ ಇದು ಸಣ್ಣ ಬೆಂಬಲ, ಹೆಚ್ಚಿನದನ್ನು ಇದರಿಂದ ಹಿಂಡಬಾರದು.

ಈ ವಾದದಿಂದ ನೋಡುಗರಿಗೂ ಒಂದು ವ್ಯತ್ಯಾಸವಾಗುತ್ತದೆ. ಬೆಂಗಳೂರಿನ ಮತ್ತಿಕೆರೆ, ಮಲ್ಲೇಶ್ವರದ ಕಡೆಯಿಂದ ವಾರಾಂತ್ಯಕ್ಕೆ ಕರಾವಳಿಗೆ ಹೊರಡುವವರು ಸಾಮಾನ್ಯವಾಗಿ ಉಡುಪಿ, ಮರವಂತೆ, ಕೊಲ್ಲೂರು ನೋಡಿ ಮರಳುತ್ತಾರೆ. ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಬಂದವರು ಇಳಿಯುವ ಕುಂದಾಪುರ ನಿಲ್ದಾಣ ಇರುವುದು ಮೂಡ್ಲಕಟ್ಟೆಯಲ್ಲಿ. ಅಲ್ಲಿಂದ ಬಸ್ರೂರು ದೂರವಿಲ್ಲ. ಸಲಹೆ ಕೇಳಿದರೆ, ಡೆಲ್ಲಾ ವಲ್ಲೆಯಂತೆ ಮೇಲಣ ಊರಿನಿಂದಲೇ ಆರಂಭಿಸಿ ಎನ್ನುತ್ತೇನೆ. ಮಹಾಲಿಂಗೇಶ್ವರ ದೇವಸ್ಥಾನ, ಆಲದ ಬೇರು ತಬ್ಬಿಕೊಂಡ ತುಳುವೇಶ್ವರ, ಮಂಡಿಕೇರಿ, ರಾವುತಕೇರಿ, ವಿಲಾಸಕೇರಿಗಳನ್ನು ನಡೆದು ನೋಡಿದ ಮೇಲೆ ಕುಂದಾಪುರಕ್ಕೆ ಬಂದು, ಮೂರು ಕಡೆ ನೀರಿರುವ ಆ ನೆಲದ ತುದಿಯಲ್ಲಿ ನಿಂತು ಗಂಗೊಳ್ಳಿಯ ಕಡೆ ಕಣ್ಣು ಹಾಯಿಸಬೇಕು. ಪೋರ್ಚುಗೀಸ್ ಕೋಟೆಯನ್ನು ಬಸ್ರೂರಿನ ಕೇರಿಗಳಲ್ಲಿ ಹುಡುಕುವವರು ನಿರಾಶರಾಗುತ್ತಾರೆ. ಹುಡುಕುವ ಜಾಗವೇ ತಪ್ಪು.

ಬಾಕಿ ಉಳಿದದ್ದು ಬಹಳ. ಬಸ್ರೂರಿನ ಗೋಡೆ, ಕಂದಕದ ಕಾಲವನ್ನು ಅಗೆತವಿಲ್ಲದೆ ನಿರ್ಧರಿಸಲಾಗದು. ಕಲ್ಲಿನ ಸೇತುವೆಗಳ ತುಂಡುಗಳು ಯಾವ ಹಳೆಯ ಕಟ್ಟಡದವು ಎಂಬ ಡೆಲ್ಲಾ ವಲ್ಲೆಯ ಪ್ರಶ್ನೆಯೂ ಹಾಗೆಯೇ ಇದೆ. ಕೆಳಗಣ ಊರಿನ ಸಂಸಾರಸ್ಥ ಪೋರ್ಚುಗೀಸರ ಬೀದಿಗಳು ಇಂದಿನ ಕುಂದಾಪುರದ ಯಾವ ಭಾಗದ ಅಡಿಯಲ್ಲಿವೆಯೆಂಬುದನ್ನು ರೆಸೆಂದೆಯ ನಕ್ಷೆಯನ್ನು ಈಗಿನ ಭೂಮಾಪನದೊಂದಿಗೆ ಹೊಂದಿಸಿ ಪರೀಕ್ಷಿಸಬೇಕು. ಅಳಿವೆಯ ಮರಳದಿಬ್ಬಗಳು ನಾಲ್ಕು ಶತಮಾನದಲ್ಲಿ ಸರಿದಿರುವುದರಿಂದ ಆ ಹೊಂದಾಣಿಕೆ ಸುಲಭವಾಗದು. ಚೌಲ್, ಕೊಚ್ಚಿಗಳಲ್ಲಿ ಗೆರೆ ಎಳೆದವರು ಯಾರೆಂದು ಅಲ್ಲಿನ ವಿದ್ವಾಂಸರು ಇದೇ ರೀತಿ ಕೇಳಿದರೆ, ಡೆಲ್ಲಾ ವಲ್ಲೆಯ ಸೂತ್ರ ಅದು ಹುಟ್ಟಿದ ಊರುಗಳಲ್ಲಾದರೂ ಉಳಿಯುತ್ತದೆಯೇ ಎಂಬುದು ತಿಳಿದೀತು.